ಶೇಷ ಒಂಬತ್ತು

ನನ್ನ ಗಂಡ ಅಣ್ಣಯ್ಯ ಮೇಷ್ಟ್ರು ಜೀವಮಾನದಲ್ಲಿ ಒಂದೇ ಒಂದು ತಪ್ಪು ಲೆಕ್ಕ ಹೇಳಿದ್ದಾರೆ. ಅದನ್ನು ನಾನು ಕಣ್ಣಾರೆ ಕಂಡೆ, ಕಿವಿಯಾರೆ ಕೇಳಿದೆ. ಕೈಯಲ್ಲಿ ಕಾಫಿಯ ತಟ್ಟೆ ಇತ್ತು, ಅದನ್ನು ಬೀಳಿಸಲಿಲ್ಲ ಅನ್ನುವುದೇ ದೊಡ್ಡದು. ಬೇರೆ ಹೆಂಗಸರು ಗಂಡ ಕುಡಿದು ಬಂದರೆ, ಇಸ್ಪೀಟಿಗೆ ಕೂತರೆ ಗಾಬರಿ ಬೀಳುತ್ತಾರೆ. ನನಗೆ ನನ್ನ ಗಂಡ ಒಂದು ಭಾಗಾಕಾರವನ್ನು ತಪ್ಪು ಹೇಳಿದ್ದಕ್ಕೆ ಕೈಕಾಲು ತಣ್ಣಗಾದವು. ಯಾಕೆ ಅಂತ ತಿಳಿಯಬೇಕಾದರೆ ಈ ಮನುಷ್ಯ ಎಂಥವರು ಅನ್ನುವುದನ್ನು ಮೊದಲು ಹೇಳಬೇಕು.

ಅವರ ಹುಟ್ಟೂರು ಪಾಳ್ಯದ ಕಡೆ. ರಾಗಿ, ಭತ್ತ ಬೆಳೆಯುವ ಮನೆ. ಹಾಸನದಲ್ಲಿ ಓದಿ, ಬೆಳಗೋಡಿನ ಹತ್ತಿರದ ಒಂದು ಹೈಸ್ಕೂಲಿಗೆ ಗಣಿತದ ಮೇಷ್ಟ್ರಾಗಿ ಬಂದರು. ನನ್ನನ್ನು ನೋಡಲು ಬಂದ ದಿನ ನಮ್ಮಪ್ಪ, "ಹುಡುಗಿಗೆ ಹತ್ತೊಂಬತ್ತು" ಅಂದರು. ಇವರು ತಲೆಯೆತ್ತಿ, "ತುಂಬೈತೋ, ನಡೀತೈತೋ?" ಅಂತ ಕೇಳಿದರು. ಹೆಣ್ಣು ನೋಡಲು ಬಂದವನು ಹೆಣ್ಣಿನ ಮುಖ ನೋಡುವುದು ಬಿಟ್ಟು ಇದನ್ನು ಕೇಳುತ್ತಾನಲ್ಲ ಅಂತ ನನಗೆ ಮೈಯೆಲ್ಲ ಉರಿದುಹೋಯಿತು. "ತುಂಬಿ ಮೂರು ತಿಂಗಳಾಯ್ತು, ದಿನದ ಲೆಕ್ಕಾನೂ ಬೇಕಾ?" ಅಂತ ಬಾಗಿಲ ಹಿಂದಿನಿಂದಲೇ ಕೂಗಿದೆ. ಅವರು ನಕ್ಕುಬಿಟ್ಟರು. ಅಮ್ಮ ನನ್ನ ತೊಡೆ ಚಿವುಟಿದಳು. ನನ್ನ ಬಾಯಿ ಅವತ್ತೂ ಜೋರು, ಇವತ್ತೂ ಜೋರು. ಮಾದೇವಮ್ಮನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಅನ್ನುವುದು ಊರಿಗೆಲ್ಲ ಗೊತ್ತು.

ಮದುವೆಯಾದ ಎರಡನೇ ವರ್ಷ ನನ್ನ ತಮ್ಮ ಸಂಜಯ್ ಇವರ ಸ್ಕೂಲಿನಲ್ಲೇ ಒಂಬತ್ತನೇ ಕ್ಲಾಸಿನಲ್ಲಿದ್ದ. ಗಣಿತದಲ್ಲಿ ಮೂವತ್ತನಾಲ್ಕು ಬಂತು. ಪಾಸಾಗಲು ಒಂದು ಮಾರ್ಕು ಸಾಲದು. ನಾನು ಅತ್ತೆ, ಬೈದೆ, ಎರಡು ದಿನ ಒಲೆ ಹಚ್ಚಲಿಲ್ಲ. "ನಿನ್ನ ತಮ್ಮ ಒಳ್ಳೇವನು ಕಣೆ. ಆದ್ರೆ ಲೆಕ್ಕ ತಪ್ಪೈತೆ. ತಪ್ಪನ್ನ ಸರಿ ಅಂತ ನನ್ನ ಕೈಲಿ ಹೆಂಗೆ ಬರೀಲಿ?" ಅಂದರು. ಹುಡುಗ ಫೇಲಾದ. ಆ ವರ್ಷ ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಕೊಡಲು ಯಾರೂ ಬರಲಿಲ್ಲ. ಹೆಂಡತಿಯ ತಮ್ಮನಿಗೆ ಒಂದು ಮಾರ್ಕು ಕೊಡದ ಮನುಷ್ಯ ಇವರು. ಇದನ್ನು ನೆನಪಿನಲ್ಲಿಟ್ಟುಕೊಳ್ಳಿ.

ಪಾಠ ಮಾತ್ರ ಚೆನ್ನಾಗಿ ಮಾಡುತ್ತಿದ್ದರು. ಮಕ್ಕಳನ್ನು ಪಕ್ಕದ ತೋಟದ ನರ್ಸರಿಗೆ ಕರೆದುಕೊಂಡು ಹೋಗಿ ಕಾಫಿ ಸಸಿಯ ಚೀಲಗಳನ್ನು ಜೋಡಿಸಲು ಹೇಳುತ್ತಿದ್ದರು. ಹನ್ನೆರಡು ಚೀಲವಾದರೆ ಮೂರು ಸಾಲು ನಾಲ್ಕರಂತೆ, ಎರಡು ಸಾಲು ಆರರಂತೆ ಚೆಂದವಾಗಿ ಕೂರುತ್ತವೆ. ಹದಿಮೂರು ಕೊಟ್ಟರೆ ಏನು ಮಾಡಿದರೂ ಸಮ ಸಾಲು ಬರುವುದಿಲ್ಲ, ಒಂದೇ ಉದ್ದ ಸಾಲಾಗಿ ನಿಲ್ಲಿಸಬೇಕು. "ಹಿಂಗೆ ಸಾಲಿಗೆ ಬಗ್ಗದ್ದು ಅವಿಭಾಜ್ಯ ಸಂಖ್ಯೆ. ಒಂದರಿಂದ, ತನ್ನಿಂದ ಬಿಟ್ರೆ ಯಾವುದರಿಂದ ಭಾಗಿಸಿದ್ರೂ ಶೇಷ ಉಳಿಯುತ್ತೆ" ಅನ್ನುತ್ತಿದ್ದರು. ಹಾಗಾದರೆ ಒಂದು ಅನ್ನುವ ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಅಂತ ಮಕ್ಕಳು ಕೇಳುತ್ತಿದ್ದವು. ನಮ್ಮ ಕಡೆ ಭತ್ತ ಅಳೆಯುವಾಗ ಮೊದಲ ಕೊಳಗಕ್ಕೆ ಒಂದು ಅನ್ನುವುದಿಲ್ಲ. ಲಾಭ ಅನ್ನುತ್ತೇವೆ. ಆಮೇಲೆ ಎರಡು, ಮೂರು ಅಂತ ಹೋಗುತ್ತೇವೆ. "ನಿಮ್ಮಜ್ಜಿ ಒಂದನ್ನ ಲೆಕ್ಕಕ್ಕೆ ಸೇರಿಸ್ತಾಳೇನ್ರೋ? ಗಣಿತದಾಗೂ ಹಂಗೇ. ಅದು ಆ ಜಾತಿನೂ ಅಲ್ಲ, ಈ ಜಾತಿನೂ ಅಲ್ಲ. ಲಾಭ" ಅನ್ನುತ್ತಿದ್ದರು. ಮಕ್ಕಳಿಗೆ ಅದು ಮರೆಯುತ್ತಿರಲಿಲ್ಲ.

ಅವರು ರಿಟೈರಾದ ಮಾರನೆಯ ವರ್ಷವೇ ಆ ಸ್ಕೂಲು ಮುಚ್ಚಿತು. ಮಕ್ಕಳಿಲ್ಲ ಅಂತ ಬೇರೆ ಸ್ಕೂಲಿಗೆ ಸೇರಿಸಿದರು. ಸಾಮಾನುಗಳನ್ನು ಸಾಗಿಸುವ ದಿನ ಇವರು ಹೋಗಿ ತಮ್ಮ ಕ್ಲಾಸಿನ ಹಳೆಯ ಮರದ ಬೋರ್ಡನ್ನು ಬೇಡಿ ತಂದರು. ತಂದು ಜಗಲಿಯ ಗೋಡೆಗೆ ಮೊಳೆ ಹೊಡೆದು ತಗುಲಿಸಿ, ಅದರ ಎದುರಿಗೆ ಕುರ್ಚಿ ಹಾಕಿಕೊಂಡು ಕೂತರು. ಕೂತವರು ಏಳಲಿಲ್ಲ. ಮಾತಿಲ್ಲ, ಕತೆಯಿಲ್ಲ. ಮುದ್ದೆ ಇಟ್ಟರೆ ಅರ್ಧ ಮುರಿದು ಬಿಡುತ್ತಿದ್ದರು. ರಸ್ತೆಯಲ್ಲಿ ಹೋಗುವವರು ಕರೆದರೆ ತಿರುಗಿ ನೋಡುತ್ತಿರಲಿಲ್ಲ. ನಾನು ಬೈದೆ, ರಮಿಸಿದೆ, ಹಾಸನಕ್ಕೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಮಾತ್ರೆ ಕೊಟ್ಟು, ಮನಸ್ಸಿಗೆ ಏನಾದರೂ ಕೆಲಸ ಕೊಡಿ ಅಂದರು. ಖಾಲಿ ಬೋರ್ಡು ನೋಡುತ್ತ ಕೂತ ಗಂಡನನ್ನು ಕಂಡು ನನಗೆ ನಿಜವಾಗಿ ಹೆದರಿಕೆಯಾಗಿತ್ತು. ಈ ಮನುಷ್ಯ ಹೀಗೇ ಕೂತಲ್ಲೇ ಹೋಗಿಬಿಡುತ್ತಾರೆ ಅಂತ ನಾನು ಒಳಗೊಳಗೇ ತೀರ್ಮಾನ ಮಾಡಿಬಿಟ್ಟಿದ್ದೆ.

ಆಗ ಬಂದವನು ಚಾಂದ್ ಪಾಷಾ.

ಪಾಷಾ ಸಕಲೇಶಪುರದವನು, ಲಾರಿ ಡ್ರೈವರ್. ಸ್ವಂತ ಲಾರಿ. ನಮ್ಮ ನಾಲ್ಕು ಮೂಟೆ ಕಾಫಿಯನ್ನೂ ಎಸ್ಟೇಟುಗಳ ನೂರಾರು ಮೂಟೆಯ ಜೊತೆಗೇ ಸಿಪ್ಪೆ ಬಿಡಿಸಿ ಬೀಜ ಹಸನು ಮಾಡುವ ಕ್ಯೂರಿಂಗ್ ವರ್ಕ್ಸಿಗೆ ಹೊತ್ತು ಹಾಕುತ್ತಿದ್ದವನು ಅವನೇ. ಬಾಯ್ತುಂಬ ಎಲೆ ಅಡಿಕೆ, ಊರೆಲ್ಲ ಸ್ನೇಹ. ಆ ವರ್ಷದ ಮಳೆಗೆ ದೋಣಿಗಲ್ ಇಳಿಜಾರಿನಲ್ಲಿ ಗುಡ್ಡ ಜರಿದು ಅವನ ಲಾರಿ ಪ್ರಪಾತಕ್ಕೆ ಹೋಯಿತು. ಅವನು ಹಾರಿಕೊಂಡ, ಕಾಲು ಮುರಿಯಿತು. ಲಾರಿ ಮೇಲಕ್ಕೆ ಬರಲಿಲ್ಲ. ಗುಜರಿಯವರು ಅಲ್ಲೇ ಇಳಿದು ಗ್ಯಾಸ್ ಕಟರಿನಲ್ಲಿ ಕತ್ತರಿಸಿ ತುಂಡು ತುಂಡಾಗಿ ಮೇಲೆ ತಂದರು. ಅದೆಲ್ಲ ಮುಗಿದ ಮೇಲೆ, ಇನ್ನು ನಿಮ್ಮ ಮೂಟೆಗೆ ಬೇರೆಯವರನ್ನು ನೋಡಿಕೊಳ್ಳಿ ಅಂತ ಹೇಳಲು ಕೋಲು ಊರಿಕೊಂಡು ನಮ್ಮ ಮನೆಗೆ ಬಂದಿದ್ದ. ಗುರುತೇ ಹತ್ತಲಿಲ್ಲ. ಕೆನ್ನೆ ಒಳಗೆ ಹೋಗಿತ್ತು, ಬಾಯಿ ಒಣಗಿತ್ತು.

ಜಗಲಿಯ ಮೇಲೆ ಇಬ್ಬರೂ ಮಾತಿಲ್ಲದೆ ಕೂತರು. ನಾನು ಕಾಫಿ ತಂದಿಟ್ಟೆ. ಪಾಷಾ ಯಾರಿಗೂ ಅಲ್ಲವೆಂಬಂತೆ ಹೇಳಿದ: "ನನ್ ಕಣ್ಮುಂದೆನೇ ಕತ್ತರಿಸಿದ್ರು ಮೇಷ್ಟ್ರೇ. ಒಂದು ಬೋಲ್ಟು ಉಳಿಲಿಲ್ಲ. ಎಂಜಿನ್ ನಂಬರ್ ಮಾತ್ರ ಬಾಯಲ್ಲಿ ಉಳ್ಕಂಡೈತೆ. ರಾತ್ರಿ ಹಗಲೂ ಅದೇ ತಿರುಗ್ತೈತೆ. ಮೂರು ಒಂದು ಏಳು ಮೂರು ಒಂದು ನಾಲ್ಕು ಮೂರು ಮೂರು."

ಇವರು ನಿಧಾನಕ್ಕೆ ತಲೆಯೆತ್ತಿದರು. "ಇನ್ನೊಂದ್ಸಲ ಹೇಳು" ಅಂದರು.

ವಾರಗಟ್ಟಲೆ ಬಾಯಿ ಬಿಡದ ಗಂಡ ಮಾತಾಡಿದ್ದು ಕೇಳಿ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಅವರು ಎದ್ದರು. ಸೀಮೆಸುಣ್ಣ ಹುಡುಕಿದರು. ಬೋರ್ಡಿನ ಮೇಲೆ ದೊಡ್ಡದಾಗಿ 31731433 ಅಂತ ಬರೆದು, "ಮೂರು ಕೋಟಿ ಹದಿನೇಳು ಲಕ್ಷದ ಮೂವತ್ತೊಂದು ಸಾವಿರದ ನಾನೂರ ಮೂವತ್ತಮೂರು" ಅಂತ ಓದಿದರು. ಆಮೇಲೆ ಜಾತಕ ನೋಡುವವರ ಹಾಗೆ ಶುರುಮಾಡಿದರು. ಬೆಸ ಸಂಖ್ಯೆ. ಅಂಕಿ ಕೂಡಿದರೆ ಇಪ್ಪತ್ತೈದು, ಅದಕ್ಕೆ ಮೂರರಿಂದ ಹೋಗುವುದಿಲ್ಲ. ಕೊನೆಯಲ್ಲಿ ಮೂರಿದೆ, ಹಾಗಾಗಿ ಐದರಿಂದ ಇಲ್ಲ. ಯಾವುದರ ವರ್ಗವೂ ಅಲ್ಲ, ಮೂರರಲ್ಲಿ ಮುಗಿಯುವ ವರ್ಗ ಲೋಕದಲ್ಲೇ ಇಲ್ಲ. ಏಳರಿಂದ ಭಾಗಿಸಿದರೆ ಶೇಷ ಆರು. ಹನ್ನೊಂದರಿಂದ ಎಂಟು.

"ಏನ್ ಮಾಡ್ತಿದೀರಾ ಮೇಷ್ಟ್ರೇ?" ಅಂದ ಪಾಷಾ.

"ಇದನ್ನ ಕತ್ತರಿಸೋಕಾಗುತ್ತಾ ಅಂತ ನೋಡ್ತಿದೀನಿ ಮಾರಾಯ. ಆಗ್ದೇ ಹೋದ್ರೆ ಇದು ಅವಿಭಾಜ್ಯ. ಯಾವ ಕಟರ್‌ಗೂ ಬಗ್ಗಲ್ಲ."

ಪಾಷಾ ಬಹಳ ಹೊತ್ತು ಬೋರ್ಡು ನೋಡಿದ. "ಲಾರಿ ಅಂತೂ ಹೋಯ್ತು. ಇದಾದ್ರೂ ಇಡಿಯಾಗಿ ಉಳಿಯುತ್ತಾ ನೋಡೇ ಬುಡಿ" ಅಂದ.

ಆವತ್ತಿನಿಂದ ಶುರುವಾಯಿತು ನೋಡಿ ಈ ಹುಚ್ಚು. ಎರಡು, ಮೂರು, ಐದು, ಏಳು ಅಂತ ಒಂದೊಂದೇ ಅವಿಭಾಜ್ಯ ಸಂಖ್ಯೆಯಿಂದ ಆ ನಂಬರನ್ನು ಭಾಗಿಸುವುದು. ಐದು ಸಾವಿರದ ಆರುನೂರು ಚಿಲ್ಲರೆಯವರೆಗೆ ಹೋದರೆ ಸಾಕಂತೆ. ಅದು ಇದರ ವರ್ಗಮೂಲ, ಅಲ್ಲಿಯವರೆಗೆ ಯಾವುದೂ ಸಿಗದಿದ್ದರೆ ಆಮೇಲೆ ಸಿಗುವ ಮಾತೇ ಇಲ್ಲ. ದಿನಕ್ಕೆ ಒಂದೇ ಭಾಗಾಕಾರ. ಎರಡು ಮಾಡಬಾರದು. ಪಾಷಾ ಬೆಳಗಿನ ಬಸ್ಸಿಗೆ ಸಕಲೇಶಪುರದಿಂದ ಬರಬೇಕು, ಅವನ ಎದುರಿಗೇ ಆಗಬೇಕು. "ಇದೇನು ಔಷಧಿನಾ, ದಿನಕ್ಕೊಂದು ಗುಳಿಗೆ?" ಅಂತ ನಾನು ಕೂಗಾಡಿದೆ. "ಮೊಬೈಲಿಗೆ ಕೇಳಿದ್ರೆ ಕಣ್ಣು ಮುಚ್ಚಿ ತೆಗೆಯೋದ್ರಾಗೆ ಹೇಳುತ್ತೆ" ಅಂದೆ. ಇವರು ಕಣ್ಣು ಕೆಂಪಗೆ ಮಾಡಿಕೊಂಡು, "ಮೊಬೈಲ್ ಮುಟ್ಟಿದ್ರೆ ಆವತ್ತಿಗೆ ಮುಗೀತು" ಅಂದರು. ಪಾಷಾ ನೆಲ ನೋಡುತ್ತ ಕೂತಿದ್ದ.

ಪಾಷಾನಿಗೆ ಭಾಗಾಕಾರ ಬರುತ್ತಿರಲಿಲ್ಲ. ಆದರೆ ತಾಳೆ ನೋಡುವುದು ಬರುತ್ತಿತ್ತು. ಕ್ಯೂರಿಂಗ್ ವರ್ಕ್ಸಿನ ಸ್ಟೋರಿನಲ್ಲಿ ಲೆಕ್ಕ ಬರೆಯುವ ರೈಟರ್ ಒಬ್ಬರು ಮೂಟೆಗಳ ತೂಕ ಸರಿಯೋ ಎಂದು ನೋಡಲು ಅವನಿಗೆ ಒಂಬತ್ತು ಬಿಡುವ ಉಪಾಯ ಹೇಳಿಕೊಟ್ಟಿದ್ದರು. ಯಾವುದೇ ಸಂಖ್ಯೆಯ ಅಂಕಿಗಳನ್ನು ಕೂಡುತ್ತ ಹೋಗಬೇಕು, ಒಂದೇ ಅಂಕಿ ಉಳಿಯುವವರೆಗೆ. ನಡುವೆ ಒಂಬತ್ತು ಬಂದರೆ ಬಿಸಾಕಬೇಕು, ಅದು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ನಮ್ಮ ನಂಬರಿಗೆ ಉಳಿಯುವುದು ಏಳು. ಇವರು ಭಾಗಾಕಾರ ಮುಗಿಸಿ ಭಾಗಲಬ್ಧ ಇಷ್ಟು, ಶೇಷ ಇಷ್ಟು ಅಂತ ಹೇಳಿದ ಕೂಡಲೇ ಪಾಷಾ ಬೆರಳು ಮಡಿಸಿ ಗುಣಿಸಿ ಕೂಡಿ, ಕೊನೆಗೆ ಏಳು ಬಂದರೆ "ಸರಿ ಐತೆ" ಅನ್ನುತ್ತಿದ್ದ. ದಿನಾ ಕೇಳಿ ಕೇಳಿ ಒಗ್ಗರಣೆ ಹಾಕುತ್ತಲೇ ನಾನೂ ಮನಸ್ಸಿನಲ್ಲಿ ಒಂಬತ್ತು ಬಿಡುವುದನ್ನು ಕಲಿತೆ.

ಬೈಯುವುದನ್ನು ನಾನು ಬೇಗ ನಿಲ್ಲಿಸಿದೆ. ಯಾಕೆಂದರೆ ಇವರು ಉಣ್ಣತೊಡಗಿದರು. ಬೆಳಿಗ್ಗೆ ಗಡ್ಡ ಕೆರೆದು, ಒಗೆದ ಶರ್ಟು ಹಾಕಿ, ಸ್ಕೂಲಿಗೆ ಹೊರಟವರ ಹಾಗೆ ಜಗಲಿಗೆ ಬಂದು ನಿಲ್ಲುತ್ತಿದ್ದರು. ಬಸ್ಸು ತಡವಾದರೆ ರಸ್ತೆಗೆ ಹೋಗಿ ಇಣುಕುತ್ತಿದ್ದರು. ಭಾಗಾಕಾರ ಮುಗಿದ ಮೇಲೆ ಇಬ್ಬರೂ ಕಾಫಿ ಕುಡಿಯುತ್ತ ಮಧ್ಯಾಹ್ನದ ಬಸ್ಸಿನವರೆಗೂ ಲೋಕದ ಪಂಚಾಯ್ತಿ ಎಲ್ಲ ಮಾಡುತ್ತಿದ್ದರು. ಬೋರ್ಡಿನ ಮೇಲಿನ ಲೆಕ್ಕವನ್ನು ಸಂಜೆಯವರೆಗೂ ಒರೆಸಲು ಬಿಡುತ್ತಿರಲಿಲ್ಲ. ಪಾಷಾ ಕೋಲು ಬಿಟ್ಟ, ಎಲೆ ಅಡಿಕೆ ಮತ್ತೆ ಶುರುಮಾಡಿದ. ನನಗೆ ಅವನ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ಅವನ ಲೋಟಕ್ಕೆ ಒಂದು ಚಮಚ ಸಕ್ಕರೆ ಹೆಚ್ಚೇ ಹಾಕುತ್ತಿದ್ದೆ. ನನ್ನ ಗಂಡನನ್ನು ಸಾವಿನ ಬಾಯಿಂದ ಎಳೆದು ತಂದವನು ಅವನು ಅಂತ ನಾನು ನಂಬಿದ್ದೆ.

ಹೀಗೆ ಒಂದು ಕಾಫಿ ಕೊಯ್ಲು ಮುಗಿದು ಇನ್ನೊಂದೂ ಮುಗಿಯಿತು. ರಂಜಾನ್ ಹಬ್ಬದ ಮಾರನೆಯ ದಿನ ಪಾಷಾನ ಮಗಳು ಜೇಬಾ ಶೀರ್ ಕುರ್ಮಾ ಅನ್ನುವ ಶಾವಿಗೆ ಪಾಯಸ ತಂದಳು. ಡಿಗ್ರಿ ಓದುವ ಹುಡುಗಿ, ಮಾತಿನಲ್ಲಿ ಚುರುಕು. ಗಂಡಸರಿಬ್ಬರೂ ಜಗಲಿಯಲ್ಲಿ ಬೋರ್ಡಿಗೆ ಅಂಟಿಕೊಂಡಿದ್ದರು. ಅಡುಗೆ ಮನೆಯಲ್ಲಿ ನಾನು ಡಬ್ಬಿ ಖಾಲಿ ಮಾಡುತ್ತಿದ್ದಾಗ ಅವಳು ಮೆಲ್ಲಗೆ ಕೇಳಿದಳು: "ಈಗ ಎಲ್ಲಿಗೆ ಬಂದಿದೆ ಆಂಟಿ?"

"ಮೂರು ಸಾವಿರದ ಒಂಬೈನೂರು ದಾಟೈತೆ ಕಣಮ್ಮ."

ಅವಳ ಮುಖ ಬಿಳಿಚಿಕೊಂಡಿತು. "ಹಾಗಾದರೆ ಇನ್ನು ಹದಿನೈದು ದಿನವೂ ಇಲ್ಲ" ಅಂದಳು.

"ಏನು ಹದಿನೈದು ದಿನ?"

ಅವಳು ಬಾಗಿಲ ಕಡೆ ನೋಡಿ ದನಿ ಇಳಿಸಿದಳು. "ನಾಲ್ಕು ಸಾವಿರದ ಏಳರಿಂದ ಅದು ಭಾಗವಾಗುತ್ತೆ ಆಂಟಿ. ನಾಲ್ಕು ಸಾವಿರದ ಏಳು ಇಂಟು ಏಳು ಸಾವಿರದ ಒಂಬೈನೂರ ಹತ್ತೊಂಬತ್ತು. ಎರಡೇ ತುಂಡು. ನಮ್ಮ ಅಬ್ಬಾ ಮೊದಲನೇ ದಿನ ಮನೆಗೆ ಬಂದು ನಂಬರ್ ಹೇಳಿದಾಗಲೇ ನಾನು ಮೊಬೈಲಿನಲ್ಲಿ ನೋಡಿ ಹೇಳಿದೆ. ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸಿಕೊಂಡರು."

ನನಗೆ ಗರ ಬಡಿದ ಹಾಗಾಯಿತು. ಚಮಚ ಕೈಯಲ್ಲೇ ಉಳಿಯಿತು. ಮೊದಲನೇ ದಿನದಿಂದ ಗೊತ್ತು. ಗೊತ್ತಿದ್ದೂ ಈ ಪಾಷಾ ದಿನಾ ಬಸ್ಸು ಹತ್ತಿ ಬಂದು, ಎದುರಿಗೆ ಕೂತು, ಬೆರಳು ಮಡಿಸಿ, ಸರಿ ಐತೆ, ಸರಿ ಐತೆ ಅಂದಿದ್ದಾನೆ. ಜಗಲಿಯಿಂದ ಅವನ ನಗು ಕೇಳಿಸಿತು. ಆ ಕ್ಷಣ ಅವನ ತಲೆಯ ಮೇಲೆ ಶೀರ್ ಕುರ್ಮಾ ಸುರಿಯುವಷ್ಟು ಸಿಟ್ಟು ಬಂತು.

ಮಧ್ಯಾಹ್ನ ಅವನು ಬಸ್ಸಿಗೆ ಹೊರಟಾಗ ಸೊಪ್ಪು ತರುವ ನೆಪ ಹೇಳಿ ಹಿಂದೆಯೇ ಹೋದೆ. ಜೇಬಾ ಮುಂದೆ ನಡೆಯುತ್ತಿದ್ದಳು. ಬಸ್ ಸ್ಟ್ಯಾಂಡಿನ ನೆರಳಿನಲ್ಲಿ ಅವನಿಗೆ ಸರಿಯಾಗಿ ಮಂಗಳಾರತಿ ಎತ್ತಿದೆ. "ನಾಚಿಕೆ ಆಗಲ್ವಾ ಪಾಷಾ? ನನ್ನ ಗಂಡನ್ನ ಎರಡು ವರ್ಷ ಕೋತಿ ಕುಣಿಸಿದಂಗೆ ಕುಣಿಸಿಬುಟ್ಯಲ್ಲ."

ಅವನು ಬೈಗುಳ ಮುಗಿಯುವವರೆಗೂ ತಲೆ ತಗ್ಗಿಸಿ ಕೇಳಿದ. ಆಮೇಲೆ ಹೇಳಿದ: "ಅಕ್ಕಾ, ಸ್ಕೂಲ್ ಮುಚ್ಚಿದ್ಮೇಲೆ ಮೇಷ್ಟ್ರು ಹೆಂಗಿದ್ರು ಅಂತ ನೀವೇ ನೋಡಿದೀರ. ಆವತ್ತು ಆ ನಂಬರ್ ಕೇಳಿ ಎದ್ದು ನಿಂತ್ರಲ್ಲ, ಸತ್ತೋರು ಎದ್ದಂಗಿತ್ತು. ಮಾರನೇ ದಿನ ಬಂದು ಹೆಂಗೆ ಹೇಳ್ಲಿ, ಮೇಷ್ಟ್ರೇ ಮುಗೀತು, ನನ್ ಮಗಳು ಒಂದು ಗುಂಡಿ ಒತ್ತಿ ಕತ್ತರಿಸ್ಬುಟ್ಲು ಅಂತ? ನಾಲ್ಕು ಸಾವಿರ ಅಂದ್ರೆ ಬಾಳ ದೂರ ಐತೆ ಅನ್ಕಂಡೆ. ಬಂದೇ ಬುಡ್ತು ನೋಡಿ."

"ನಿನಗೆ ಬೇಜಾರಿಲ್ವಾ? ಇಡಿಯಾಗಿ ಉಳೀಲಿ ಅಂತಿದ್ದವನು ನೀನೇ ಅಲ್ವಾ?"

"ಮೊದಲ ದಿನ ಆಯ್ತು ಅಕ್ಕಾ. ಒಂದು ರಾತ್ರಿ ಅತ್ತೆ. ಆಮೇಲೆ ನನಗೆ ಮೇಷ್ಟ್ರೇ ಮುಖ್ಯ ಆದ್ರು. ಈಗ ಅದು ಬರೋ ದಿನ ಏನ್ಮಾಡೋದು ಅಂತ ನನಗೆ ನಿದ್ದೆ ಹತ್ತಲ್ಲ. ಮತ್ತೆ ಹಂಗೇ ಕೂತ್ಬುಟ್ರೆ?"

ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಅವನ ಹೆದರಿಕೆಯೇ ನನ್ನದೂ ಆಗಿತ್ತು. ಮತ್ತೆ ಆ ಕುರ್ಚಿ, ಖಾಲಿ ಬೋರ್ಡು, ಅರ್ಧ ಮುರಿದ ಮುದ್ದೆ. ಬಾಯಿ ಬಿಡುವುದಿಲ್ಲ ಅಂತ ಅವನಿಗೆ ಮಾತು ಕೊಟ್ಟು ಬಂದೆ. ನಾನು ಮಾತು ಕೊಟ್ಟು ಉಳಿಸಿಕೊಂಡದ್ದು ಅದೇ ಮೊದಲು.

ಮುಂದಿನ ದಿನಗಳಲ್ಲಿ ನಾವಿಬ್ಬರೂ ಆಡದ ಆಟವಿಲ್ಲ. ಬೇರೆ ನಂಬರ್ ಹಿಡಿಯೋಣ ಅಂತ ಪಾಷಾ ಹೇಳಿ ನೋಡಿದ. "ಇದು ಮುಗೀಲಿ" ಅಂದರು ಇವರು. ನಾನು ಸೀಮೆಸುಣ್ಣದ ಡಬ್ಬಿಯನ್ನು ರಾಗಿ ಕಣಜದಲ್ಲಿ ಬಚ್ಚಿಟ್ಟೆ. ಅಂಗಡಿಯಿಂದ ಹೊಸದು ತಂದರು. ಎಣ್ಣೆ ನೀರು ಹಾಕುತ್ತೇನೆ ಅಂತ ಒಂದು ಬೆಳಿಗ್ಗೆ ಕೆಡಿಸಿದೆ. ಆಲೂರಿನಲ್ಲಿ ಯಾರದೋ ಗೃಹಪ್ರವೇಶಕ್ಕೆ ಎಳೆದುಕೊಂಡು ಹೋಗಿ ಇನ್ನೊಂದು ದಿನ ಕೆಡಿಸಿದೆ. ಏನು ಮಾಡಿದರೂ ಸರದಿ ಬರುವುದು ನಿಲ್ಲಲಿಲ್ಲ. ಮೂರು ಸಾವಿರದ ಒಂಬೈನೂರ ಎಂಬತ್ತೊಂಬತ್ತು ಹೋಯಿತು. ನಾಲ್ಕು ಸಾವಿರದ ಒಂದು ಹೋಯಿತು. ನಾಲ್ಕು ಸಾವಿರದ ಮೂರಕ್ಕೆ ಶೇಷ ಮೂರು ಸಾವಿರದ ಆರುನೂರ ಐವತ್ತೈದು ಬಂತು. "ಸರಿ ಐತೆ" ಅಂದ ಪಾಷಾ, ಬೋರ್ಡಿನಿಂದ ಕಣ್ಣು ತೆಗೆದು. ಇವರು ಬೋರ್ಡಿನ ಮೂಲೆಯಲ್ಲಿ ನಾಳೆಯದು ಅಂತ 4007 ಬರೆದಿಟ್ಟರು. ಆ ರಾತ್ರಿ ನಾನು ರೆಪ್ಪೆ ಮುಚ್ಚಲಿಲ್ಲ.

ಬೆಳಿಗ್ಗೆ ಪಾಷಾ ಬಂದ. ಎಲೆ ಅಡಿಕೆ ಹಾಕಿರಲಿಲ್ಲ. ಇವರು ಬಿಳಿ ಶರ್ಟು ಹಾಕಿಕೊಂಡು ಎಂದಿನ ಹಾಗೆ ಗಂಟಲು ಸರಿಮಾಡಿಕೊಂಡು ಶುರುಮಾಡಿದರು. ನಾನು ಕಾಫಿ ಸೋಸಿ ತಟ್ಟೆಯಲ್ಲಿ ಲೋಟ ಇಟ್ಟುಕೊಂಡು ಬಾಗಿಲಲ್ಲೇ ನಿಂತೆ. ಕಾಲು ಮುಂದೆ ಹೋಗಲಿಲ್ಲ.

"ಮೂವತ್ತೊಂದು ಸಾವಿರದ ಏಳುನೂರ ಮೂವತ್ತೊಂದರಲ್ಲಿ ಏಳು ಸಲ" ಅಂದರು. ಕಳೆದರು. ನಾಲ್ಕು ಇಳಿಸಿದರು. "ಒಂಬತ್ತು ಸಲ. ಮೂವತ್ತಾರು ಸಾವಿರದ ಅರವತ್ತಮೂರು." ಅದನ್ನು ಬರೆದು ಕಳೆದರು. ಮೂರು ಇಳಿಸಿ ಒಂದು ಸಲ, ಕಳೆದರು. ಕೊನೆಯ ಮೂರನ್ನು ಇಳಿಸಿದರು. ಉಳಿದಿದ್ದು 36063. ಅದೇ ಮೂವತ್ತಾರು ಸಾವಿರದ ಅರವತ್ತಮೂರು, ಎರಡು ಗೆರೆ ಮೇಲೆ ಅವರ ಕೈಯಲ್ಲೇ ಬರೆದದ್ದು. ಇನ್ನೂ ಒಂಬತ್ತು ಸಲ ಕಳೆದರೆ ಏನೂ ಉಳಿಯುವುದಿಲ್ಲ ಅಂತ ಕುರುಡನಿಗೂ ಕಾಣುವ ಹಾಗಿತ್ತು.

ಅವರು ಅದರ ಕೆಳಗೆ ಅದನ್ನೇ ಬರೆದರು. 36063ರ ಕೆಳಗೆ 36063. ಗೆರೆ ಎಳೆದರು. ಸೀಮೆಸುಣ್ಣ ಗೆರೆಯ ಹತ್ತಿರ ನಿಂತಿತು. ಬೆನ್ನು ನಮ್ಮ ಕಡೆಗಿತ್ತು. ಪಾಷಾ ಕಣ್ಣು ಮುಚ್ಚಿಕೊಂಡಿದ್ದ.

ಅವರು ಗೆರೆಯ ಕೆಳಗೆ ಒಂದು ಅಂಕಿ ಬರೆದರು. 9.

"ಭಾಗಲಬ್ಧ ಏಳು ಸಾವಿರದ ಒಂಬೈನೂರ ಹತ್ತೊಂಬತ್ತು. ಶೇಷ ಒಂಬತ್ತು" ಅಂದರು. ದನಿಯಲ್ಲಿ ಒಂದಿಷ್ಟೂ ಏರುಪೇರಿಲ್ಲ. ಅಂದವರೇ ಹೆಗಲ ಮೇಲಿನ ಟವೆಲ್ ತೆಗೆದು ಬೋರ್ಡನ್ನು ಮೇಲಿಂದ ಕೆಳಗೆ ಒರೆಸಿಬಿಟ್ಟರು.

ಪಾಷಾ ಕಣ್ಣು ಬಿಟ್ಟ. ಬೆರಳು ಮಡಿಸಿದ. ನಾಲ್ಕು ಸಾವಿರದ ಏಳಕ್ಕೆ ಎರಡು. ಏಳು ಸಾವಿರದ ಒಂಬೈನೂರ ಹತ್ತೊಂಬತ್ತಕ್ಕೆ ಎಂಟು. ಎರಡೆಂಟಲ ಹದಿನಾರು, ಒಂದೂ ಆರೂ ಏಳು. ಶೇಷ ಒಂಬತ್ತು, ಒಂಬತ್ತು ಬಿಸಾಕು. ಏಳು.

"ಸರಿ ಐತೆ ಮೇಷ್ಟ್ರೇ" ಅಂದ. ಅವನ ಕಣ್ಣಲ್ಲಿ ನೀರು ತುಂಬಿತ್ತು.

ನಾನು ಕಾಫಿ ಇಟ್ಟು ಒಳಗೆ ಬಂದು ಒಲೆಯ ಮುಂದೆ ಕೂತುಬಿಟ್ಟೆ. ಮೂವತ್ತನಾಲ್ಕನ್ನು ಮೂವತ್ತೈದು ಮಾಡದ ಮನುಷ್ಯ ಸೊನ್ನೆಯನ್ನು ಒಂಬತ್ತು ಮಾಡಿದ್ದು ನನ್ನ ಕಣ್ಣೆದುರಿಗೆ. ಕಣ್ಣು ಮಂಜಾಯಿತೇ, ಮತ್ತೆ ಕಾಯಿಲೆ ತಿರುಗಿತೇ, ತಲೆಗೇ ಏನಾದರೂ ಆಯಿತೇ ಅಂತ ಏನೇನೋ ಯೋಚನೆ ನುಗ್ಗಿ ಬಂತು. ಅವತ್ತು ಪಾಷಾ ಬೇಗ ಹೊರಟ. ಗೇಟಿನ ಹತ್ತಿರ ನನ್ನನ್ನು ನೋಡಿ ಪಿಸುಗುಟ್ಟಿದ: "ಮೇಷ್ಟ್ರು ಕೈ ತಪ್ಪಿದ್ರು ಅಕ್ಕಾ. ವಯಸ್ಸಾಯ್ತಲ್ಲ. ಕಳಿಯೋದ್ರಾಗೆ ಎಲ್ಲೋ ಒಂಬತ್ತು ಜಾಸ್ತಿ ಹಿಡಿದವ್ರೆ. ನನ್ನ ತಾಳೆಗೆ ಅದು ಸಿಗಾಕಿಲ್ಲ. ದೇವರು ದೊಡ್ಡೋನು. ಇನ್ನು ಕೊನೇವರೆಗೂ ಯಾವುದೂ ಸಿಗಲ್ಲ, ಅವಿಭಾಜ್ಯ ಅಂತಲೇ ಆಗುತ್ತೆ. ನೀವು ಮಾತ್ರ ಬಾಯಿ ಬಿಡಬೇಡಿ." ಹಬ್ಬದ ದಿನದ ಹುಡುಗನ ಹಾಗೆ ಖುಷಿಯಾಗಿ, ಕುಂಟುತ್ತಲೇ ಬಸ್ಸಿನ ಕಡೆ ಹೋದ.

ನಾನು ಒಳಗೆ ಬಂದೆ. ಇವರು ಕುರ್ಚಿಯಲ್ಲಿ ಕೂತು ಖಾಲಿ ಬೋರ್ಡು ನೋಡುತ್ತಿದ್ದರು. ಅದನ್ನು ಕಂಡು ನನಗೆ ತಡೆಯಲಾಗಲಿಲ್ಲ.

"ರೀ, ಅದು ಸೊನ್ನೆ. ನಾನು ನೋಡ್ದೆ. ಮೇಲೂ ಅದೇ, ಕೆಳಗೂ ಅದೇ. ಸೊನ್ನೆ ಬರಬೇಕಿತ್ತು" ಅಂದೆ.

ಅವರು ಬೆಚ್ಚಲಿಲ್ಲ. "ಹೌದು ಕಣೆ, ಸೊನ್ನೆ" ಅಂದರು.

"ಗೊತ್ತಿತ್ತಾ?"

"ಹೋದ ವರ್ಷಾನೇ ಗೊತ್ತು. ಬಂದ್ ಅಂತ ಬಸ್ ಬರಲಿಲ್ವಲ್ಲ, ಆವತ್ತು ಒಬ್ಬನೇ ಕೂತು ಮುಂದಕ್ಕೆ ಮಾಡ್ತಾ ಮಾಡ್ತಾ ಹೋದೆ. ಸಂಜೆ ಹೊತ್ತಿಗೆ ಸಿಕ್ತು."

ಗೋಡೆ ಹಿಡಿದುಕೊಂಡೆ. "ಮತ್ತೆ ಯಾಕೆ ಈ ಸುಳ್ಳು? ನನ್ನ ತಮ್ಮನಿಗೆ ಒಂದು ಮಾರ್ಕು ಕೊಡದೋರು ನೀವು."

"ನಿನ್ನ ತಮ್ಮ ಮರುವರ್ಷ ಪಾಸಾದ" ಅಂದರು. "ಪಾಷಾ ಆವತ್ತು ಬಂದು ಕೂತಿದ್ದು ನೋಡಿದ್ಯಲ್ಲ. ಆ ಕಣ್ಣು ನೋಡಿ, ಈ ಮನುಷ್ಯ ಇವತ್ತು ಮನೆಗೆ ಹೋಗಲ್ಲ, ಸೀದಾ ದೋಣಿಗಲ್ ಪ್ರಪಾತಕ್ಕೆ ಹೋಗ್ತಾನೆ ಅನ್ನಿಸ್ತು ನನಗೆ. ಅವನು ಬೆಳಿಗ್ಗೆ ಎದ್ದು ಬಸ್ ಹತ್ತೋಕೆ ಏನಾದ್ರೂ ಬೇಕಿತ್ತು, ಅದಕ್ಕೇ ಎದ್ದು ಸೀಮೆಸುಣ್ಣ ಹಿಡಿದೆ. ಲಾರಿ ಕತ್ತರಿಸಿದ್ದು ಅವನ ಕಣ್ಮುಂದೆ. ಇದನ್ನೂ ಕತ್ತರಿಸ್ತು ಅಂತ ನನ್ನ ಬಾಯಲ್ಲಿ ಹೇಳ್ಲಾ? ಅವನಿಗೆ ಒಂಬತ್ತರ ತಾಳೆ ಬಿಟ್ಟು ಬೇರೆ ಬರಲ್ಲ. ಸೊನ್ನೆ ಜಾಗಕ್ಕೆ ಒಂಬತ್ತು ಇಟ್ರೆ ತಾಳೆಗೆ ಸರಿಯಾಗ್ತದೆ. ಒಂದು ವರ್ಷದಿಂದ ಇದನ್ನೇ ಇಟ್ಕಂಡಿದ್ದೆ."

ನನಗೆ ನಗು ಬಂತೋ ಅಳು ಬಂತೋ ಹೇಳಲಾರೆ. ಒಟ್ಟಿಗೇ ಬಂದವು. "ಅಯ್ಯೋ ನನ್ನ ಗ್ರಹಚಾರವೇ, ಅವನಿಗೆ…" ಅಂತ ದೊಡ್ಡ ದನಿಯಲ್ಲೇ ಶುರುಮಾಡಿದೆ.

ಅವರು ಗಾಬರಿಯಿಂದ ಎದ್ದು ಬಂದು ನನ್ನ ಕೈ ಹಿಡಿದರು. "ಮೆಲ್ಲಗೆ ಮಾತಾಡೆ. ಬಸ್ ಇನ್ನೂ ಬಂದಿಲ್ಲ. ಪಾಷಾಗೇನಾದ್ರೂ ಕೇಳಿಸ್ಬುಟ್ರೆ?"

ರಸ್ತೆಯ ಆ ಬದಿ ಅವನು ನಮ್ಮ ಮನೆಯ ಕಡೆಯೇ ನೋಡುತ್ತ ನಿಂತಿದ್ದ. ನಾನು ಬಾಯಿ ಮುಚ್ಚಿಕೊಂಡೆ. ಇವರು ಟವೆಲಿನ ಸುಣ್ಣ ಕೊಡವಿ, ಬೋರ್ಡಿನ ಮೂಲೆಯಲ್ಲಿ ನಾಳೆಗೆ ಅಂತ 4013 ಬರೆದರು.